ಶಾನ್ ಜೊತೆ ಟ್ರೌಟ್ ಹಿಡಿಯಲು ಹೋದದ್ದು

ದುಬೈ ಇನ್ವೆಸ್ಟ್‌ಮೆಂಟ್ಸ್ ಪಾರ್ಕ್
ಸೆಪ್ಟೆಂಬರ್ 7, 2025

ಪ್ರೀತಿಯ ರೀಮಾ,

ನೀನೂ ನಮ್ಮ ಶಾನನೂ ಸೌಖ್ಯವೆಂದು ನಂಬಿದ್ದೇನೆ. ರಜೆ ಮುಗಿಸಿ ಕೆನಡಾದಿಂದ ಬಂದು ತಿಂಗಳು ದಾಟಿತು. ಬರೆಯುತ್ತೇನೆ, ಬರೆಯುತ್ತೇನೆ ಎಂದುಕೊಂಡೇ ದಿನ ಕಳೆದೆ, ಬೈಯಬೇಡ. ದಿನಾ ವಿಡಿಯೋ ಕಾಲ್ ಮಾಡುವವನಿಗೆ ಈ ಕಾಗದದ ಹುಚ್ಚು ಯಾಕೆ ಹಿಡಿಯಿತೆಂದು ನಗುತ್ತೀಯೇನೋ. ಕಾಲ್ ಮಾಡಿದರೆ ಸ್ಪೀಕರ್ ಹಾಕಿ ಶಾನನೂ ಕೂತಿರುತ್ತಾನೆ, ವಾಟ್ಸಾಪ್ ಮಾಡಿದರೆ ನಿನ್ನ ಫೋನ್ ಅವನ ಕೈಯಲ್ಲೇ ಇರುತ್ತದೆ, ಯಾವ ಭಾಷೆಯಲ್ಲಿ ಬರೆದರೂ ಅದರಲ್ಲೇ ಇಂಗ್ಲಿಷ್ ಮಾಡಿಸಿ ಓದುತ್ತಾನೆ. ಮನೆಯಲ್ಲಿ ಕೊಂಕಣಿ ಮಾತಾಡಿದರೂ ನಾವಿಬ್ಬರು ಬರೆಯಲು ಕಲಿತದ್ದು ಕನ್ನಡ ಶಾಲೆಯಲ್ಲಿ. ಅವನಿಗೆ ಈ ಅಕ್ಷರ ಬಾರದು, ಆ ಧೈರ್ಯದಲ್ಲಿ ಬರೆಯುತ್ತಿದ್ದೇನೆ. ನಿನ್ನ ಗೆಳತಿ ಜಾನಿಸ್ ಬುಧವಾರ ಟೊರೊಂಟೊಗೆ ಹೊರಡುತ್ತಾಳೆ, ಅವಳ ಕೈಯಲ್ಲಿ ಕಳಿಸುತ್ತೇನೆ.

ನಾಳೆ ಮೊಂತಿ ಹಬ್ಬ, ಮಾತೆಗೆ ಹೊಸ ತೆನೆ ಒಪ್ಪಿಸುವ ದಿನ. ಇವತ್ತೇ ಜೆಬೆಲ್ ಅಲಿಯ ಇಗರ್ಜಿಗೆ ಹೋಗಿ ಬಂದೆ. ಹೊಸ ತೆನೆ ಹಂಚುತ್ತಿದ್ದ ಹೆಂಗಸು "ಮನೇಲಿ ಎಷ್ಟು ಜನ?" ಎಂದು ಕೇಳಿದಳು. ಮೂರು ಎಂದೆ. ನಿಮ್ಮಿಬ್ಬರ ಪಾಲನ್ನು ಇದರ ಜೊತೆ ಇಟ್ಟಿದ್ದೇನೆ, ತಡವಾದರೂ ಹಾಲಿಗೆ ಹಾಕಿ ಕುಡಿಯಿರಿ. ನನ್ನ ರೂಮಿನ ಅನ್ಸಿಫ್ ರಜೆಗೆ ಕೇರಳಕ್ಕೆ ಹೋಗಿದ್ದಾನೆ. ಇಷ್ಟು ದಿನ ಅವನ ಗೊರಕೆಗೆ ಬೈಯುತ್ತಿದ್ದೆ. ಈಗ ಅದಿಲ್ಲದೆ ನಿದ್ದೆಯೇ ಬರುವುದಿಲ್ಲ, ನೋಡು ನನ್ನ ಗ್ರಹಚಾರ.

ಕಳೆದ ವಾರ ನಮ್ಮ ಕೋಲ್ಡ್ ಸ್ಟೋರೇಜಿಗೆ ಟ್ರೌಟ್ ಮೀನಿನ ಪೆಟ್ಟಿಗೆಗಳು ಬಂದವು. ಎಲ್ಲ ಒಂದೇ ಅಳತೆಯವು, ಸೌದೆಯಷ್ಟು ಗಟ್ಟಿ. ಶಾನ್ ಜೊತೆ ಹಿಡಿದ ಮೀನು ಇದೇ ಜಾತಿಯದೇ ಎಂದು ಅನುಮಾನವಾಯಿತು. ಮಾರನೇ ದಿನ ಸಿಕ್ಕಿದ ಜಾನಿಸ್ ಬೇರೆ, "ಎಂತ ನೆವಿಲ್, ಕೆನಡಾದಲ್ಲಿ ಮೀನಿನ ತಲೆ ಜಜ್ಜಿದ್ರಂತೆ! ರೀಮಾ ಹೇಳಿ ನಂಗೆ ನಗಾಡಿ ನಗಾಡಿ ಸಾಕಾಯ್ತು ಮಾರಾಯ್ರೆ" ಎಂದಳು. ನಾನೂ ನಕ್ಕೆ. ನೀನು ಹೇಳಿದ್ದು ಶಾನ್ ಬಾಯಿಯಿಂದ ಕೇಳಿದ ಕಥೆ, ಈಗ ನನ್ನ ಬಾಯಿಯಿಂದಲೂ ಕೇಳು.

ಅವನು "ಕ್ರೀಕಿಗೆ ಹೋಗುವ" ಎಂದಾಗ ನನ್ನ ತಲೆಯಲ್ಲಿದ್ದದ್ದು ದುಬೈಯ ಕ್ರೀಕ್. ಅಬ್ರಾ ದೋಣಿ, ಡೀಸೆಲ್ ವಾಸನೆ, ಆಚೆ ದಡದ ಕಟ್ಟಡಗಳು. ನಿಮ್ಮ ಮನೆಯ ಹಿಂದಿನ ಕಾಡಿನೊಳಗೆ ಹೋಗಿ ನೋಡಿದರೆ ನಮ್ಮೂರು ಶಿರ್ತಾಡಿಯ ತೋಡು! ಓಡಿ ಬಂದರೆ ಒಂದೇ ನೆಗೆತಕ್ಕೆ ದಾಟಬಹುದು. ಮರಗಳ ಎಡೆಯಿಂದ ಬಿಸಿಲು, ಕೆಳಗೆ ಕಲ್ಲು ಕಾಣುವಷ್ಟು ತಿಳಿನೀರು. ನನಗೆ ತಡೆಯಲಾಗಲಿಲ್ಲ, ಪ್ಯಾಂಟ್ ಮಡಚಿ ಇಳಿದೇಬಿಟ್ಟೆ. ಮೀನಿಗೆ ಗೊತ್ತಾಗುತ್ತದೆ, ಮೇಲೆ ಬನ್ನಿ ಎಂದು ಶಾನ್ ಇಂಗ್ಲಿಷಿನಲ್ಲಿ ಪಿಸುಗುಟ್ಟಿದ. ಆಮೇಲೆ ನನ್ನ ಮಣಿಕಟ್ಟು ಹಿಡಿದು, ಗಾಳದ ದಾರ ಬೀಸುವುದು ಹೇಗೆಂದು ತೋರಿಸಿದ. ನೀವು ಅಲ್ಲಿಗೆ ಹೋದ ಈ ಎರಡು ವರ್ಷ ಫೋನಿನಲ್ಲಷ್ಟೇ ನೋಡಿದ ಮಗನ ಕೈ ನನ್ನದಕ್ಕಿಂತ ದೊಡ್ಡದಾಗಿದೆ ಎಂದು ಆಗಲೇ ಗೊತ್ತಾದದ್ದು. ಎಷ್ಟು ಖುಷಿಯಾಯಿತು ಎಂದು ಹೇಳಲಾರೆ ರೀಮಾ. ಮೀನು ಸಿಗದಿದ್ದರೂ ಸರಿ, ಹೀಗೇ ಕತ್ತಲಾಗಲಿ ಎಂದು ಆಸೆಯಾಯಿತು.

ಆದರೆ ಸಿಕ್ಕಿತು. ಮೈಮೇಲೆ ಕೆಂಪು ಚುಕ್ಕೆಯ ಚಂದದ ಮೀನು. ನನಗೆ ಗೊತ್ತಿದ್ದದ್ದು ನಮ್ಮ ತೋಡಿನ ಕ್ರಮ. ತಲೆಯನ್ನು ಕಲ್ಲಿಗೆ ಒಂದು ಬಡಿದೆ, ಕಿವಿರಿಗೆ ಹುಲ್ಲಿನ ದಂಟು ಪೋಣಿಸಿದೆ, ಎತ್ತಿ ಹಿಡಿದು "ಶಾನ್, ರಾತ್ರಿಗೆ ಪುಳಿಮುಂಚಿ!" ಎಂದು ಕೂಗಿದೆ. ಹುಡುಗನ ಮುಖದಲ್ಲಿ ರಕ್ತವಿರಲಿಲ್ಲ. ಅಲ್ಲಿ ಹಿಡಿದ ಮೀನನ್ನು ಒದ್ದೆ ಕೈಯಲ್ಲಿ ಮೆಲ್ಲಗೆ ಬಿಡಿಸಿ ವಾಪಸ್ ನೀರಿಗೆ ಬಿಡಬೇಕಂತೆ. ಬಿಡುವುದೇ ಆದರೆ ಅದರ ಬಾಯಿಗೆ ಕೊಕ್ಕೆ ಹಾಕುವುದೇಕೆ ಎಂದು ನನಗೆ ಈಗಲೂ ಅರ್ಥವಾಗಿಲ್ಲ. ಅಷ್ಟರಲ್ಲಿ ಗಾಳ ಹಿಡಿದ ಬಿಳಿ ಗಡ್ಡದ ಮುದುಕರೊಬ್ಬರು ಬಂದರು. ಅವರೂ ಶಾನನೂ ಸ್ವಲ್ಪ ಮಾತಾಡಿದರು, ಮುದುಕರು ನನ್ನನ್ನು ನೋಡಿ ಮುಗುಳ್ನಕ್ಕು ಹೋದರು. ಮನೆಯಲ್ಲಿ ನೀನು ಹುಳಿ, ಮೆಣಸು ಅರೆದು ಅದನ್ನೇ ಪುಳಿಮುಂಚಿ ಮಾಡಿದೆ. ಶಾನ್ ಮುಟ್ಟಲಿಲ್ಲ. ಅವನಿಗೆ ಮುಳ್ಳಿನ ಮೀನು ಆಗುವುದಿಲ್ಲ ಎಂದು ನೀನು ಸಮಾಧಾನ ಹೇಳಿದೆ.

ಇನ್ನು ನೀನು ದಿನಾ ಕೇಳುವ ವಿಷಯ. ಕೆಲಸ ಬಿಡುತ್ತೇನೆಂದು ನಮ್ಮ ಮ್ಯಾನೇಜರ್ ಅಬ್ದುಲ್ ರವೂಫರಿಗೆ ಇನ್ನೂ ಹೇಳಿಲ್ಲ. ಕ್ರಿಸ್‌ಮಸ್ ಹೊತ್ತಿಗೆ ಅಲ್ಲಿಗೇ ಬಂದುಬಿಡಬೇಕಾದರೆ ಈ ತಿಂಗಳೇ ನೋಟಿಸ್ ಕೊಡಬೇಕು, ಅದು ನನಗೂ ಗೊತ್ತು. ಅವರೇ, "ಫ್ಯಾಮಿಲಿ ಅಲ್ಲಿ, ನೀವು ಇಲ್ಲಿ ಎಂತ ಮಾಡ್ಲಿಕ್ಕೆ ನೆವಿಲ್? ಯಲ್ಲಾ, ಹೊರಡಿ ಮಾರಾಯ್ರೆ" ಎನ್ನುತ್ತಾರೆ. ಅವರ ಕೋಣೆಯವರೆಗೆ ಹೋಗುತ್ತೇನೆ, ಫ್ರೀಜರಿನ ಬಗ್ಗೆ ಏನೋ ಕೇಳಿ ವಾಪಸ್ ಬರುತ್ತೇನೆ.

ಮನಸ್ಸಿಲ್ಲದೆ ಅಲ್ಲ. ಮೊನ್ನೆ ಸುಮ್ಮನೆ ಅಲ್ ಬರ್ಷಾದಲ್ಲಿ ಇಳಿದು ನಮ್ಮ ಹಳೆಯ ಬಿಲ್ಡಿಂಗಿನ ಕೆಳಗೆ ನಿಂತಿದ್ದೆ. ನಮ್ಮ ಬಾಲ್ಕನಿಯಲ್ಲಿ ಯಾರದೋ ಮಗುವಿನ ಬಟ್ಟೆ ಒಣಗುತ್ತಿತ್ತು. ವಾಚ್‌ಮನ್ ಗುರುತು ಹಿಡಿದು ಶಾನ್ ಹೇಗಿದ್ದಾನೆ ಎಂದು ಕೇಳಿದ. ದೊಡ್ಡವನಾಗಿದ್ದಾನೆ ಎಂದೆ. ನೀವಿಬ್ಬರಿಲ್ಲದೆ ನನಗೆ ಇಲ್ಲಿ ಬಹಳ ಬೇಜಾರು ರೀಮಾ.

ಮೊಂತಿ ಮಾತೆಯ ಕೃಪೆ ನಿಮ್ಮ ಮೇಲಿರಲಿ. ಚಳಿಗೆ ಮೊದಲು ಅವನಿಗೆ ಹೊಸ ಜಾಕೆಟ್ ತೆಗೆದುಕೊಡು, ಹಳೆಯದರ ತೋಳು ಗಿಡ್ಡವಾಗಿದೆ. ನಿನ್ನ ಬೆನ್ನುನೋವಿಗೆ ಎಣ್ಣೆ ಜಾನಿಸ್ ತರುತ್ತಾಳೆ. ಅವನಿಗೆ ಅಪ್ಪನ ಆಶೀರ್ವಾದ ಹೇಳು.

ನಿನ್ನ
ನೆವಿಲ್

ತಾ.ಕ.: ಆ ಮುದುಕರು ಕೇಳಿದ್ದು, ಇವರು ಯಾರು ಎಂದು. ಶಾನ್ ನನ್ನ ಕೈಯ ಮೀನನ್ನು ನೋಡಿ, "ಸಾರಿ, ಹೀ ಈಸ್ ಜಸ್ಟ್ ವಿಸಿಟಿಂಗ್" ಎಂದ. ಡ್ಯಾಡ್ ಎನ್ನಲಿಲ್ಲ. ನಾನೂ "ಯೆಸ್ ಯೆಸ್, ವಿಜಿಟ್" ಎಂದು ಹಲ್ಲು ಕಿರಿದೆ. ದುಬೈಯಲ್ಲಿ ಹುಟ್ಟಿ ಬೆಳೆದ ಹುಡುಗ. ವಿಜಿಟ್‌ನಲ್ಲಿ ಬಂದವರೆಂದರೆ ವೀಸಾ ಮುಗಿದ ಕೂಡಲೇ ಹೊರಡಬೇಕಾದವರು ಎಂದು ಅವನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅವನಿಗೆ ಬೈಯಬೇಡ, ನಾಚಿಕೆಯಾಗಿರಬೇಕು, ಪಾಪ. ಆದರೆ ನಾನು ಬರಬೇಕೋ ಬೇಡವೋ ಎಂದು ಈ ಸಲ ನೀನು ಹೇಳಬೇಡ. ಅವನನ್ನು ಕೇಳಿ ಹೇಳು.