ನೀಲಿ ದೀಪದ ಗುಂಡಿ

ಬಳ್ಳಾರಿ
ಫೆಬ್ರವರಿ 31, 2191

ಪೂಜ್ಯ ಪಂಪಾಪತಿ ಅಜ್ಜನವರಿಗೆ, ನಿಮ್ಮ ವಂಶದ ಏಳನೇ ತಲೆಮಾರಿನ ಹೊನ್ನೂರಮ್ಮ ಮಾಡುವ ನಮಸ್ಕಾರಗಳು.

ತಾರೀಖು ನೋಡಿ ನಗಬೇಡಿ. ಬಯಲಲ್ಲಿ ನಿಂತು ಕೆಲಸ ಮಾಡಲು ಆಗುವುದು ಫೆಬ್ರವರಿಯಲ್ಲಿ ಮಾತ್ರ ಎಂದು ನಮ್ಮವರು ಮಾರ್ಚಿನಿಂದ ಮೂರು ದಿನ ಕಿತ್ತು ಅದಕ್ಕೆ ಸೇರಿಸಿದ್ದಾರೆ. ಬಿಸಿಲಿಗೆ ಈ ವಿಷಯ ಇನ್ನೂ ತಿಳಿದಿಲ್ಲ. ನನ್ನ ಮಾತು ನಿಮಗೆ ವಿಚಿತ್ರ ಎನಿಸಿದರೆ ಕ್ಷಮಿಸಿ. ಪತ್ರ ನಿಮ್ಮನ್ನು ಹೇಗೆ ತಲುಪುತ್ತದೋ ಗೊತ್ತಿಲ್ಲ, ನಿಮ್ಮದೇ ಕಾರಿನೊಳಗೆ ಇಟ್ಟು ಬರುತ್ತೇನೆ.

ನಮ್ಮಲ್ಲಿ ಪ್ರತಿ ಮನೆಯ ಮುಂದೆ ಒಂದು ತಂಪುಗೂಡು ಇರುತ್ತದೆ. ಅಂದರೆ ನಿಮ್ಮ ಕಾಲದ ಕಾರು. ಅದು ಎಲ್ಲಿಗೂ ಹೋಗುವುದಿಲ್ಲ. ಚಕ್ರ ಬಿಚ್ಚಿ, ಎಂಜಿನ್ ಕಿತ್ತು, ಕಲ್ಲಿನ ಮೇಲೆ ಕೂರಿಸಿ, ಏಸಿಯೊಂದನ್ನು ಉಳಿಸಿಕೊಂಡು ಸೋಲಾರಿಗೆ ಜೋಡಿಸುತ್ತೇವೆ. ಮಧ್ಯಾಹ್ನದ ಸೈರನ್ ಕೂಗಿದೊಡನೆ ಮನೆಮಂದಿಯೆಲ್ಲ ಒಳಗೆ ಸೇರಿ, ಗಾಜು ಏರಿಸಿ, ಹೊತ್ತು ಇಳಿಯುವವರೆಗೆ ಕೂರುತ್ತೇವೆ. ಊಟ, ಜಗಳ, ಮಕ್ಕಳ ಮಗ್ಗಿ ಎಲ್ಲ ಅಲ್ಲೇ. ಹೆಣ್ಣು ಕೊಡುವವರು ಮೊದಲು ಕೇಳುವುದೇ "ನಿಮ್ಮ ಗೂಡಿನಾಗ ಎಷ್ಟ ಮಂದಿ ಕುಂದರತೀರಿ?" ಎಂದು. ಹೊಸ ಏಸಿ ಮಾಡುವವರು ಈಗ ಇಲ್ಲ. ಹಳೆಯದನ್ನು, ಹೊಲ ಬರೆದುಕೊಡುತ್ತೇವೆಂದರೂ ಯಾರೂ ಮಾರುವುದಿಲ್ಲ.

ನಮ್ಮ ಮನೆಯ ಮುಂದಿರುವುದು ನಿಮ್ಮ ಕಾರು. ಕೇರಿಯಲ್ಲಿ ರೇಸ್ ಗೆದ್ದ ಕಾರು ಅದೊಂದೇ. ತಂಪಿಲ್ಲದ ಕಾರೂ ಅದೊಂದೇ. ನೀವು ಏಸಿ ಬಿಚ್ಚಿದ ದಿನದ ವಿಡಿಯೋ ನಮ್ಮಲ್ಲಿದೆ. ಪೈಪು, ಕಂಪ್ರೆಸರ್ ಎಲ್ಲ ರಾಶಿ ಹಾಕಿಕೊಂಡು, "ಇಪ್ಪತ್ತ ಕೆಜಿ ಕಮ್ಮಿ ಆತು ನೋಡ್ರಪಾ, ಇನ್ನ ನನ್ನ ಹಿಡಿಯೋರು ಯಾರು!" ಎನ್ನುತ್ತೀರಿ. ಹಿಂದೆ ಕೂಸನ್ನು ಎತ್ತಿಕೊಂಡು ನಿಂತ ಅಜ್ಜಿ, "ಕೂಸಿಗೆ ಶೆಕಿ ಆಗಂಗಿಲ್ಲೇನ್ರಿ?" ಎಂದು ಕೇಳುತ್ತಾರೆ. "ಕಿಡಕಿ ಇಳಸು, ಗಾಳಿ ಬರತೈತಿ" ಎನ್ನುತ್ತೀರಿ. ಎಲ್ಲರೂ ನಗುತ್ತಾರೆ. ಚಿಕ್ಕವಳಿದ್ದಾಗ ನಾನೂ ನಗುತ್ತಿದ್ದೆ. ನೀವು ಬಹಳ ಚೆಂದ ಇದ್ದಿರಿ ಅಜ್ಜ.

ಎಲ್ಲ ಬಿಚ್ಚಿದ ನೀವು ಏಸಿಯ ಗುಂಡಿಯೊಂದನ್ನು ಹಾಗೇ ಬಿಟ್ಟಿರಿ. ಸೋಲಾರಿನ ವೈರು ಕೊಟ್ಟರೆ ಇವತ್ತಿಗೂ ಅದರಲ್ಲಿ ನೀಲಿ ದೀಪ ಹತ್ತುತ್ತದೆ. ನನ್ನ ಮಗಳು ಇಬ್ಬನಿ ಸಂಜೆ ಹೊತ್ತು ಅದನ್ನು ಒತ್ತಿ ಒತ್ತಿ ಆಡುತ್ತಿದ್ದಳು. ಇಬ್ಬನಿಯನ್ನು ನಮ್ಮಲ್ಲಿ ಯಾರೂ ಕಂಡಿಲ್ಲ, ಹೆಸರಿನಲ್ಲಾದರೂ ಇರಲಿ ಎಂದು ಇಟ್ಟಿದ್ದೆವು. ಆರು ವರ್ಷದವಳು. ನೀವು ಬಿಚ್ಚಿಟ್ಟ ರಾಶಿಯಷ್ಟು ತೂಕವೂ ಇರಲಿಲ್ಲ.

ಮಧ್ಯಾಹ್ನ ನಾವಿಬ್ಬರೂ ಪಕ್ಕದ ನಾಗವೇಣಕ್ಕನ ಗೂಡಿನಲ್ಲಿ ಕೂರುತ್ತಿದ್ದೆವು. ಹೋದ ಬೇಸಿಗೆಯ ಒಂದು ದಿನ ಅವಳ ಸೊಸೆ ಹಸಿಕೂಸಿನೊಂದಿಗೆ ತವರಿನಿಂದ ಬಂದಳು, ಜೊತೆಗೆ ಬೀಗರೂ ಬಂದರು. ಮಂದಿ ಹೆಚ್ಚಾದರೆ ಒಳಗೆ ಯಾರಿಗೂ ತಂಪು ದಕ್ಕುವುದಿಲ್ಲ. "ಇವತ್ತೊಂದಿನ ಹೆಂಗರ ಮಾಡವ್ವ" ಎಂದು ನಾಗವೇಣಕ್ಕ ಅಳುತ್ತಲೇ ಬಾಗಿಲು ಹಾಕಿಕೊಂಡಳು. ಅಷ್ಟರಲ್ಲಿ ಸೈರನ್ ಕೂಗಿತ್ತು, ಬೇರೆ ಬಾಗಿಲು ತಟ್ಟುವ ಹೊತ್ತು ಮೀರಿತ್ತು. ಅವಳ ಮೇಲೆ ನನಗೆ ಸಿಟ್ಟಿಲ್ಲ. ಅವಳ ಗೂಡಿನಲ್ಲೂ ಕೂಸಿತ್ತು.

ಮನೆಯೊಳಗೆ ಇಬ್ಬನಿಗೆ ಒದ್ದೆ ಬಟ್ಟೆ ಹೊದಿಸಿದೆ. ಬಟ್ಟೆ ಒಣಗುತ್ತಲೇ ಇತ್ತು, ಕೊಡ ಬರಿದಾಯಿತು. ಹೊತ್ತು ಇಳಿಯುವಾಗ ಅವಳ ಮಾತು ತೊದಲುತ್ತಿತ್ತು. ಕಾರಿಗೆ ಹೋಗೋಣ ಎಂದಳು. ಎತ್ತಿಕೊಂಡು ಹೋಗಿ ಮುಂದಿನ ಸೀಟಿನಲ್ಲಿ ಕೂರಿಸಿದೆ. ಗುಂಡಿ ಒತ್ತಿದಳು. "ಅವ್ವಾ, ದೀಪ ಹತ್ತೇತಿ. ಇನ್ನ ತಂಪು ಬರತೈತಿ" ಎಂದಳು. ಗಾಳಿ ಬರುವ ಜಾಗಕ್ಕೆ ಮುಖ ಕೊಟ್ಟು ಕಾಯುತ್ತಾ ಕೂತವಳು ಮತ್ತೆ ನನ್ನ ಕಡೆ ತಿರುಗಲಿಲ್ಲ.

ನಿಮ್ಮನ್ನು ಚೆನ್ನಾಗಿ ಬೈಯಬೇಕೆಂದೇ ಬರೆಯಲು ಕೂತೆ. ಬೈಗುಳ ಬರುತ್ತಿಲ್ಲ, ಬರೀ ಅಳು ಬರುತ್ತಿದೆ. ರೇಸ್ ಬಿಡಿ ಎಂದರೆ ನೀವು ಕೇಳುವವರಲ್ಲ, ನಮ್ಮ ಮನೆತನದ ಹಟ ನನಗೆ ಗೊತ್ತು. ಬಿಚ್ಚಿದ್ದನ್ನು ಗುಜರಿಗೆ ಹಾಕದೆ ಅಟ್ಟದ ಮೇಲಿಡಿ. ಅದೂ ಆಗದಿದ್ದರೆ, ಅಜ್ಜ, ಆ ಗುಂಡಿಯನ್ನೂ ಕಿತ್ತುಬಿಡಿ. ಅದಕ್ಕೆ ತೂಕವೇನೂ ಇಲ್ಲ, ಗೊತ್ತು. ಆದರೂ ಕಿತ್ತುಬಿಡಿ.

ಇಬ್ಬನಿಯ ತಾಯಿ,
ಹೊನ್ನೂರಮ್ಮ