ಬಲಗಡೆ ಅಂಕಣದ ಮರಿಗಳು

ಮಾರ್ಚ್ 3, ಸಂಜೆ
ಪ್ರಯೋಗದ ಕೋಳಿಮರಿಗಳು ಬಂದವು. ಎರಡು ಪೆಟ್ಟಿಗೆ, ನೂರು ನೂರು. ವ್ಯಾನ್ ಮೂರು ಗಂಟೆ ತಡ, ಪಾಪ, ಬಾಯಿ ತೆರೆದು ಏದುಸಿರು ಬಿಡುತ್ತಿದ್ದವು. ಎಲ್ಲವನ್ನೂ ಬೆರೆಸಿ, ತೂಗಿ, ಚೀಟಿ ಎತ್ತಿ ಶೆಡ್ಡಿನ ಎರಡು ಅಂಕಣಕ್ಕೆ ಹಂಚಬೇಕಿತ್ತು. ಹಂಚಲಿಲ್ಲ. ಒಂದು ಪೆಟ್ಟಿಗೆ ಎಡಕ್ಕೆ, ಮಾಮೂಲಿ ಫೀಡ್. ಇನ್ನೊಂದು ಬಲಕ್ಕೆ, ಬೆಳ್ಳುಳ್ಳಿ ಮತ್ತು ನುಗ್ಗೆಸೊಪ್ಪಿನ ಪುಡಿ ಸೇರಿಸಿದ್ದು. ಮೊದಲು ನೀರು ಕುಡಿಯಲಿ, ನಾಳೆ ಬೆರೆಸಿದರಾಯಿತು.
ಶೆಡ್ ನೋಡಿಕೊಳ್ಳುವಾಕೆಗೆ ತೂಕದಮ್ಮ ಎಂದೇ ಹೆಸರು. ಅಂಗೈಯಲ್ಲಿ ಹಿಡಿದೇ ತೂಕ ಹೇಳುತ್ತಾಳೆ.
"ಮೇಡಂ, ಬಲಗಡೆಯವು ದಪ್ಪ ಇದಾವೆ. ವಯಸ್ಸಾದ ಕೋಳಿಗಳ ಮೊಟ್ಟೆದು ಅನ್ಸುತ್ತೆ."
ಗೊತ್ತಿತ್ತು. ಹುಟ್ಟಿನಲ್ಲೇ ದಪ್ಪವಿದ್ದದ್ದು ಕೊನೆಗೂ ಹೆಚ್ಚೇ ತೂಗುತ್ತದೆ. "ನಾಳೆ ನೋಡೋಣ" ಎಂದೆ.

ಮಾರ್ಚ್ 5
ಬೆರೆಸಲಿಲ್ಲ. ಎರಡು ದಿನ ತಿಂದಾಗಿದೆ, ಈಗ ಬೆರೆಸಿದರೆ ಪ್ರಯೋಗವೇ ಕುಲಗೆಡುತ್ತದೆ... ಹೀಗೆಂದು ನನಗೆ ನಾನೇ ಹೇಳಿಕೊಂಡೆ. ರಿಜಿಸ್ಟರಿನಲ್ಲಿ "ಬೆರೆಸಿ ಹಂಚಲಾಗಿದೆ" ಎಂದು ಬರೆದೆ. ತೂಕದಮ್ಮ ಪಕ್ಕದಲ್ಲೇ ನೀರಿನ ಬಟ್ಟಲು ತೊಳೆಯುತ್ತಿದ್ದಳು. ಓದಲು ಬರುತ್ತದೆ ಅವಳಿಗೆ.

ಏಪ್ರಿಲ್ 7, ಮಧ್ಯಾಹ್ನ
ಮೂವತ್ತೈದನೇ ದಿನ, ಕೊನೆಯ ತೂಕ. ಬಲಗಡೆಯವು ಸರಾಸರಿ ನೂರಮೂವತ್ತು ಗ್ರಾಂ ಹೆಚ್ಚು. ನಮ್ಮ ಸಂಶೋಧನಾ ಕೇಂದ್ರದ ಮುಖ್ಯಸ್ಥರು, ಸಾಹೇಬರು, ಹಾಳೆ ನೋಡಿ ನಕ್ಕರು. ಈ ವರ್ಷದಲ್ಲಿ ಎರಡನೇ ಸಲ.
"ಸೊಪ್ಪು ಗೆದ್ದುಬಿಡ್ತಲ್ರೀ. ಬೇಗ ಪೇಪರ್ ಬರೀರಿ."
ಎಲ್ಲರಿಗೂ ಟೀ ತರಿಸಿದರು. ಕುಡಿದೆ. ತೂಕದಮ್ಮ ಬೇಡವೆಂದಳು.

ಏಪ್ರಿಲ್ 9
ತಮ್ಮನ ಫೋನ್. ಅವನ ಫಾರ್ಮಿನಲ್ಲಿ ಎರಡು ಸಾವಿರ ಕೋಳಿ. ಸೊಪ್ಪಿನ ವಿಷಯ ಅಮ್ಮ ಹೇಳಿದಳಂತೆ. ಅಮ್ಮನ ಮುಂದೆ ಜಂಬ ಕೊಚ್ಚಿದ್ದು ನಾನೇ.
"ಅಕ್ಕಾ, ನಾನೂ ಹಾಕ್ಲಾ? ನೀನು ಹೂಂ ಅಂದ್ರೆ ಕಣ್ಣು ಮುಚ್ಕೊಂಡು ಹಾಕ್ತೀನಿ."
"ಹಾಕು."
"ಹಾಗಾದ್ರೆ ಔಷಧಿ ಸೇರಿಸಿದ ಫೀಡ್ ಬಿಟ್ಬಿಡ್ಲಾ?"
ಬಾಗಿಲಲ್ಲಿ ಸಾಹೇಬರು ನಿಂತಿದ್ದರು. ಆಮೇಲೆ ಮಾತಾಡುತ್ತೇನೆಂದು ಇಟ್ಟೆ. ನಮ್ಮ ಎರಡೂ ಅಂಕಣಗಳ ಫೀಡಿನಲ್ಲಿ ರಕ್ತಭೇದಿ ತಡೆಯುವ ಔಷಧಿ ಇದ್ದೇ ಇತ್ತು. ಸೊಪ್ಪು ಅದರ ಜೊತೆಗೆ, ಅದರ ಬದಲಿಗಲ್ಲ. ಹೇಳಲು ಅರ್ಧ ನಿಮಿಷ ಸಾಕಿತ್ತು. ನಾಳೆ ಹೇಳಬೇಕು.

ಏಪ್ರಿಲ್ 24
ಪೇಪರ್ ಬರೆಯಲು ಕೂತರೆ ಕೈ ಓಡದು. ಇನ್ನೊಂದು ಸಲ ಮಾಡುತ್ತೇನೆ ಎಂದೆ. "ಮತ್ಯಾಕ್ರೀ?" ಎಂದರು ಸಾಹೇಬರು. ಖಾತ್ರಿಗೆ, ಎಂದೆ. ನಾಳೆ ಹೊಸ ಮರಿಗಳು.
ತಮ್ಮನಿಗೆ ಫೋನ್ ಮಾಡಿಲ್ಲ. ಫಲಿತಾಂಶ ಬರಲಿ, ಒಟ್ಟಿಗೇ ಹೇಳಿದರಾಯಿತು.

ಮೇ 11, ಸಂಜೆ
ಬೆಳಿಗ್ಗೆ ನಾದಿನಿ, ತಮ್ಮನ ಹೆಂಡತಿ, ಫೋನ್ ಮಾಡಿದಳು— "ಅತ್ತಿಗೆ, ಸ್ವಲ್ಪ ಬರ್ತೀರಾ?" ಬಸ್ ಹಿಡಿದು ಹೋದೆ.
ಶೆಡ್ ಒಳಗೆ ಸದ್ದೇ ಇಲ್ಲ. ಬದುಕಿದ್ದವು ಗರಿ ಕೆದರಿಕೊಂಡು ಗೋಡೆ ಬದಿಗೆ ಒತ್ತೊತ್ತಾಗಿ ನಿಂತಿದ್ದವು. ನೆಲಕ್ಕೆ ಹಾಸಿದ ಭತ್ತದ ಹೊಟ್ಟಿನ ಮೇಲೆಲ್ಲ ರಕ್ತ ಬೆರೆತ ಹಿಕ್ಕೆ. ಔಷಧಿ ಫೀಡ್ ನಿಲ್ಲಿಸಿ ಬರೀ ಸೊಪ್ಪನ್ನೇ ನಂಬಿದ್ದ. ಆರುನೂರು ಸತ್ತಿವೆ. ಹಿಂದುಗಡೆ ಗುಂಡಿ ತೋಡಿದ್ದಾನೆ, ಒಬ್ಬನೇ. ನೀರಿಗೆ ಔಷಧಿ ಕಲಸಿ ಕೊಟ್ಟೆ. ತಮ್ಮ ಬಕೆಟ್ ಹಿಡಿದು ಹಿಂದೆ ಹಿಂದೆಯೇ ಬಂದ.
"ನೀನು ಹೇಳಿದ್ದರಲ್ಲಿ ತಪ್ಪಿಲ್ಲ ಅಕ್ಕಾ. ನಾನೇ ಸೊಪ್ಪು ಸರಿಯಾಗಿ ಒಣಗಿಸಿಲ್ಲ ಅನ್ಸುತ್ತೆ."
ಮುಂದಿನ ಬಟ್ಟಲಿಗೆ ಔಷಧಿ ನೀರು ಸುರಿದೆ. ನಾದಿನಿ ನನ್ನ ಮುಖವನ್ನೇ ನೋಡುತ್ತಿದ್ದಳು. ಊಟ ಬಡಿಸಿದಳು. ಉಂಡೆ.

ಮೇ 30
ಎರಡನೇ ಪ್ರಯೋಗ ಮುಗಿಯಿತು. ಈ ಸಲ ಒಂದೊಂದು ಮರಿಯನ್ನೂ ಬೆರೆಸಿ ಹಂಚಿದ್ದೆ. ಅಂತರ— ಇಪ್ಪತ್ತೆರಡು ಗ್ರಾಂ. ಸೊಪ್ಪು ತನ್ನ ಕೈಲಾದಷ್ಟು ಮಾಡಿದೆ.
"ಇಷ್ಟಾದ್ರೂ ಜಾಸ್ತಿ ಬಂತಲ್ಲ ಮೇಡಂ" ಎಂದಳು ತೂಕದಮ್ಮ. "ಮೊದಲೇ ಇದನ್ನ ಬರೀಬಹುದಿತ್ತು."
ಆ ರಿಜಿಸ್ಟರಿನ ಬಗ್ಗೆ ಅವಳು ಆಡಿದ್ದು ಇಷ್ಟೇ. ನೇರ ಸಾಹೇಬರ ಕೋಣೆಗೆ ಹೋಗಿ ಎಲ್ಲ ಹೇಳಿದೆ. ಅವರು ಪೆನ್ನಿನ ಮುಚ್ಚಳ ಹಾಕಿದರು.
"ಹೊರಗೆ ಯಾರಿಗಾದ್ರೂ ಹೇಳಿದೀರಾ, ಆ ನೂರಮೂವತ್ತು?"
"ನನ್ನ ತಮ್ಮನಿಗೆ."

ಜೂನ್ 2, ಸಂಜೆ, ಬಸ್ಸಿನಲ್ಲಿ
ಉಳಿದ ಕೋಳಿ ಮಾರಿ ಖಾಲಿಯಾದ ಶೆಡ್ಡಿನಲ್ಲಿ ತಮ್ಮ ಸುಣ್ಣ ಬಳಿಯುತ್ತಿದ್ದ. ನಾನೂ ಒಂದು ಬ್ರಷ್ ತೆಗೆದುಕೊಂಡೆ. ಗೋಡೆ ನೋಡಿಕೊಂಡೇ ಹೇಳಿದೆ, ಪೆಟ್ಟಿಗೆ, ರಿಜಿಸ್ಟರ್, ಮಾಡದ ಫೋನ್, ಎಲ್ಲ. ಅವನ ಬ್ರಷ್ ನಿಲ್ಲಲಿಲ್ಲ. ಮೂಲೆ ತನಕ ಬಳಿದು ಕೇಳಿದ—
"ಅಮ್ಮಂಗೆ ಹೇಳಿದೀಯಾ?"
"ಇಲ್ಲ."
"ಹೇಳ್ಬೇಡ. ನಿನ್ನ ವಿಷಯ ಎಲ್ರ ಹತ್ರ ಹೆಮ್ಮೆಯಿಂದ ಹೇಳ್ಕೊಂಡು ಓಡಾಡ್ತಾಳೆ."
ಬೈಯಲಿಲ್ಲ. ಬೈದಿದ್ದರೆ... ಬಸ್ ನಿಲ್ದಾಣದವರೆಗೆ ಬಂದ. ನನ್ನ ಬ್ಯಾಗನ್ನೂ ಅವನೇ ಹಿಡಿದಿದ್ದ. ಮೆಟ್ಟಿಲು ಹತ್ತುವಾಗ ಕೈಗೆ ಕೊಟ್ಟು, ಮೆತ್ತಗೆ ಹೇಳಿದ—
"ಮುಂದಿನ ಬ್ಯಾಚಿಗೆ ಇಲ್ಲೇ ಯಾರಾದ್ರೂ ಡಾಕ್ಟರನ್ನ ಕೇಳ್ಕೋತೀನಿ, ಅಕ್ಕಾ. ನಿನಗ್ಯಾಕೆ ಸುಮ್ನೆ ತೊಂದ್ರೆ."
ನನಗೇನು ತೊಂದರೆಯೋ, ಎನ್ನಬೇಕೆಂದಿದ್ದೆ. ಅಷ್ಟರಲ್ಲಿ ಕಂಡಕ್ಟರ್ ಸೀಟಿ ಊದಿದ. ಕಿಟಕಿಯಿಂದ ನೋಡಿದರೆ ಆಗಲೇ ಬೆನ್ನು ತಿರುಗಿಸಿ ಹೊರಟಿದ್ದ.