ಕೆಂಪು ಕೊಡೆಯ ಹಿಂದೆ ಹದಿನಾಲ್ಕು ಮಂದಿ

ಕೊಂಪನ್ನವೀದಿಯ, ಕೊಲಂಬೊ
೧೨ ಅಕ್ಟೋಬರ್ ೨೦೧೭

ಪ್ರೀತಿಯ ತಂಗಿ ಜೆಹಾರಾಗೆ,

ನಿನ್ನ ಅಕ್ಕನ ಸಲಾಂ. ನಾನಿಲ್ಲಿ ಎಡ ಮೊಣಕಾಲೊಂದನ್ನು ಬಿಟ್ಟು ಉಳಿದೆಲ್ಲ ಕಡೆ ಚೆನ್ನಾಗಿದ್ದೇನೆ. ಕಿರಿಂದದ ಉಪ್ಪುಗಾಳಿಗೆ ನಿನ್ನ ಕೆಮ್ಮು ಇಳಿಯಿತೇ? ನಿನ್ನ ಪತ್ರ ಬಂದು ಮೂರು ವಾರವಾಯಿತು, ಉತ್ತರ ತಡವಾಯಿತು, ಬೈದುಕೊಳ್ಳಬೇಡ. ಫೋನ್ ಮಾಡೋಣವೆಂದರೆ ನಿನ್ನ ಕಿವಿಗೆ ಅದು ಒಗ್ಗುವುದಿಲ್ಲ. ನಾನು ಒಂದು ಹೇಳಿದರೆ ನೀನು ಇನ್ನೊಂದು ಕೇಳಿಸಿಕೊಂಡು ಅಳಲು ಶುರುಮಾಡುತ್ತೀಯ. ನಿಜ ಹೇಳುತ್ತೇನೆ, ಸಿಟ್ಟಿನಲ್ಲಿದ್ದೆ. ಸಿಟ್ಟಿನಲ್ಲಿ ಅರೆದ ಮಸಾಲೆ ಕೆಡುತ್ತದೆ ಎಂದು ಉಮ್ಮ ಹೇಳುತ್ತಿದ್ದಳಲ್ಲ, ಪತ್ರವೂ ಹಾಗೆಯೇ ಎಂದು ಕಾದೆ. ಸಿಟ್ಟು ಇಳಿಯಲಿಲ್ಲ. ಕೆಟ್ಟರೆ ಕೆಡಲಿ ಎಂದು ಇವತ್ತು ಕೂತಿದ್ದೇನೆ.

ಉಮ್ಮ ತೀರಿ ವರ್ಷ ತುಂಬುವ ಕಂದೂರಿ ಊಟಕ್ಕೆ ತಮ್ಮನನ್ನು ಕರೆದೆಯಾ ಎಂದು ಕೇಳಿದ್ದೀಯ. ಕರೆದಿಲ್ಲ. ಇರುವವನು ಒಬ್ಬನೇ ಮಗ, ಧೂಪದ ತಟ್ಟೆಯ ಮುಂದೆ ಅವನು ಕೂತ ಮೇಲೆಯೇ ಮಸೀದಿಯ ಲೆಬ್ಬೆ ದುವಾ ಓದಲು ತೊಡಗುವುದು ನಮ್ಮಲ್ಲಿ ನಡೆದುಬಂದದ್ದು, ಅವನಿಲ್ಲದೆ ಉಮ್ಮನಿಗೆ ಅದು ಮುಟ್ಟುತ್ತದೆಯೇ ಎಂದೂ ಬರೆದಿದ್ದೀಯ. ಇದನ್ನು ಪೂರ್ತಿ ಓದು. ಅವನು ಬೇಕೋ ಬೇಡವೋ ಆಮೇಲೆ ಹೇಳು.

ವಿಮೆ ಕಚೇರಿಯಿಂದ ನಿವೃತ್ತನಾದ ಮೇಲೆ ನಮ್ಮ ರಿಜ್ಲಾನ್ ಮಾಡುವ ಘನಕಾರ್ಯ ಏನು ಗೊತ್ತೇ? ಊರು ತೋರಿಸುತ್ತಾನೆ. ಶನಿವಾರ ಬಂದರೆ ಹುಲ್ಲಿನ ಟೋಪಿ ಇಟ್ಟುಕೊಂಡು 'ಮಿಸ್ಟರ್ ರಿಝ್' ಆಗಿಬಿಡುತ್ತಾನೆ. ಸಮುದ್ರದಂಚಿನ ಬಯಲು, ಹಳೆಯ ರೈಲು ನಿಲ್ದಾಣ, ಬೈರಾ ಕೆರೆ ಎಂದು ಪರಊರಿನವರನ್ನೂ ಕೊಲಂಬೊದ ದೊಡ್ಡಮನೆಯವರನ್ನೂ ನಡೆಸಿಕೊಂಡು ಹೋಗುತ್ತಾನೆ. ಮೂವತ್ತು ವರ್ಷದ ಹಿಂದೆ "ಈ ಓಣಿ ವಾಸನೆಗೆ ನನ್ನ ಹೆಂಡ್ತಿಗೆ ತಲೆನೋವು ಬರುತ್ತೆ" ಎಂದು ದೆಹಿವಲಕ್ಕೆ ಮನೆ ಬದಲಿಸಿದ ಮಹಾನುಭಾವ ಈಗ ಅದೇ ವಾಸನೆಗೆ ಟಿಕೆಟ್ ಇಟ್ಟಿದ್ದಾನೆ. ಇಷ್ಟು ದಿನ ಕೆರೆಯ ದಡದಿಂದಲೇ ನಮ್ಮ ಕಡೆಗೆ ಬೆರಳು ತೋರಿಸಿ ಹಿಂದಿರುಗುತ್ತಿದ್ದನಂತೆ. ನಿನ್ನ ಪತ್ರ ಬಂದ ಮರುದಿನದ ಶನಿವಾರ ಓಣಿಯೊಳಕ್ಕೇ ಬಂದ.

ಮೊದಲು ನೋಡಿದವಳು ಎದುರುಮನೆಯ ಕುಸುಮಲತಾ. ಹೊಲಿಗೆ ಯಂತ್ರ ನಿಲ್ಲಿಸಿ ಅಲ್ಲಿಂದಲೇ ಕೂಗಿದಳು: "ಅಕ್ಕೋ, ನಿನ್ನ ತಮ್ಮ ಸರ್ಕಸ್ ಕಂಪನಿ ಕರ್ಕೊಂಡು ಬರ್ತಾ ಇದಾನೆ. ಹುಲಿ ಒಂದಿಲ್ಲ, ಮಿಕ್ಕಿದ್ದೆಲ್ಲ ಇದೆ."

ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದ ಎನ್ನುತ್ತಾರಲ್ಲ, ಇವನು ಹಗಲಲ್ಲೇ ಹಿಡಿದಿದ್ದ. ಕೆಂಪು ಕೊಡೆ, ಅದೂ ಬಿಚ್ಚದೆ ಬಾವುಟದ ಹಾಗೆ ಮೇಲಕ್ಕೆತ್ತಿದ್ದು. ಅದರ ಹಿಂದೆ ಹದಿನಾಲ್ಕು ಮಂದಿ, ಕುರಿಗಳೂ ಇಷ್ಟು ಶಿಸ್ತಿನಲ್ಲಿ ನಡೆಯುವುದಿಲ್ಲ.

ಅವನು ಬಿಟ್ಟ ಬುರುಡೆಗಳನ್ನು ನೀನು ಕೇಳಬೇಕಿತ್ತು. ಎಲ್ಲವೂ ಇಂಗ್ಲಿಷಿನಲ್ಲಿ. ಅವನಿಗೆ ಎಬಿಸಿಡಿ ತಿದ್ದಿಸಿದವಳು ನಾನೇ ಎಂಬುದು ಮರೆತುಹೋಗಿರಬೇಕು. ಓಣಿಯ ತುದಿಯ ನಲ್ಲಿತೊಟ್ಟಿ ಇದೆಯಲ್ಲ, ನಗರಸಭೆಯವರು ಕಟ್ಟಿದ್ದು, ಸಿಮೆಂಟು ಹಸಿಯಿರುವಾಗ ನೀನು ಅದರ ಕಟ್ಟೆ ತುಳಿದು ಬಾಪನಿಂದ ಕಿವಿ ಹಿಂಡಿಸಿಕೊಂಡಿದ್ದೆ. ಅದು ಈಗ ಡಚ್ಚರ ಕಾಲದ್ದು. ನಿನ್ನ ಹೆಜ್ಜೆಗುರುತು ತೋರಿಸಿ, "ಮುನ್ನೂರು ವರ್ಷದ ಹಿಂದೆ ಇಲ್ಲಿ ದುಡೀತಿದ್ದ ಒಂದು ಗುಲಾಮ ಮಗುವಿನ ಪಾದ ಇದು" ಎಂದ. ಒಬ್ಬ ಹೆಂಗಸು ಕನ್ನಡಕ ತೆಗೆದು ಕಣ್ಣೊರೆಸಿಕೊಂಡಳು. ನಿನ್ನ ಪಾದಕ್ಕೆ ನಿನ್ನ ಗಂಡನೂ ಇಷ್ಟು ಮರ್ಯಾದೆ ಕೊಟ್ಟಿರಲಾರ.

ಇನ್ನು ಕೆರೆಯ ಮೊಸಳೆಗಳ ಕಥೆ. ಗುಲಾಮರು ಓಡಿಹೋಗದಿರಲೆಂದು ಡಚ್ಚರು ಕೆರೆಗೆ ಮೊಸಳೆ ಬಿಟ್ಟಿದ್ದರು ಎಂದು ಊರೆಲ್ಲ ಹೇಳುತ್ತದೆ, ಹೇಳಲಿ. ಇವನಿಗೆ ಅಷ್ಟು ಸಾಲದು. "ಈ ಓಣೀಲೇ ಒಬ್ಬ ಮುದುಕ ಇದ್ದ, ಒಂಟಿಕಾಲಿನವ. ಆ ಮೊಸಳೆಗಳ ಕೊನೇ ಮರಿ ಅವನ ಕಾಲು ತಿಂದಿತ್ತಂತೆ" ಎಂದ. ಯಾವ ಮುದುಕ, ಹೇಳು? ನಮ್ಮ ಅಜ್ಜ. ಕಾಲು ತಿಂದದ್ದು ಸಕ್ಕರೆ ಕಾಯಿಲೆ. ಮೊಸಳೆ ಬಾಯಿಗೆ ಹಾಕಿದ್ದಕ್ಕೆ ನನಗೆ ಅಷ್ಟು ಬೇಸರವಿಲ್ಲ. 'ನಮ್ಮಜ್ಜ' ಎನ್ನಲು ಇವನಿಗೆ ನಾಲಗೆ ಹೊರಳಲಿಲ್ಲ, ಅದಕ್ಕೆ ಬೇಸರ. ಬಾಯಿ ತೆರೆದರೆ "ಇಲ್ಲಿಯ ಜನ", "ಇವರ ಪದ್ಧತಿ". ತಾನು ಆಕಾಶದಿಂದ ಉದುರಿದವನ ಹಾಗೆ.

ಕುಸುಮಲತಾ ನಕ್ಕು ನಕ್ಕು ಸುಸ್ತಾದಳು. "ಬಿಡಕ್ಕಾ, ಮುಂದಿನ ವಾರ ನನ್ನ ಹೊಲಿಗೆ ಮೆಷಿನ್ನೂ ಡಚ್ಚರದ್ದೇ ಅಂತಾನೆ. ನಾನೂ ಒಂದು ಟೋಪಿ ಹಾಕ್ಕೊಂಡು ಕೂತ್ಕೋತೀನಿ" ಎಂದಳು. ನಾನೂ ನಕ್ಕೆ. ಆಗಿನ್ನೂ ನಗು ಬರುತ್ತಿತ್ತು.

ಆ ಹೊತ್ತಿಗೆ ನಾನು ಬಾಗಿಲಲ್ಲಿ ಮಾರಾಟದ ಪಿಟ್ಟು ಬೇಯಿಸುತ್ತಿದ್ದೆ, ಪಕ್ಕದಲ್ಲಿ ಬಾಬತ್ ಸಾರು ಕುದಿಯುತ್ತಿತ್ತು. ಉಮ್ಮನ ಕಟ್ಟಳೆ ನಿನಗೆ ನೆನಪಿರಬೇಕು. ಕಿರಿಯರು ಯಾರೇ ಹೊಸಿಲಿಗೆ ಬರಲಿ, ಮೊದಲು ಹಿರಿಯರ ಕೈ ಹಿಡಿದು ಹಣೆಗೆ ಒತ್ತಿಕೊಳ್ಳಬೇಕು, ತಟ್ಟೆ ಆಮೇಲೆ. ಹಸಿವಿಗೆ ಅಳುತ್ತಿದ್ದ ರಿಜ್ಲಾನ್ ಒಮ್ಮೆ ಅವಸರದಲ್ಲಿ ನಮ್ಮಿಬ್ಬರ ಕೈಯನ್ನೂ ಒಟ್ಟಿಗೆ ಎಳೆದು ಹಣೆಗೆ ಕುಟ್ಟಿಕೊಂಡಿದ್ದ. ಅಷ್ಟು ಚಿಕ್ಕವನಿದ್ದಾಗ ಅವನಲ್ಲಿ ಏನೂ ಕೊರತೆ ಇರಲಿಲ್ಲ.

ನನ್ನ ಬಾಗಿಲಿಗೂ ಬಂದರು. ಸಾರಿನ ಪಾತ್ರೆಯ ಫೋಟೋ ತೆಗೆದರು. ಹೊಟ್ಟೆಯ ಮಾಂಸ ಎಂದು ತಿಳಿದಾಗ ಒಬ್ಬಳು ಮೂಗು ಮುಚ್ಚಿಕೊಂಡಳು. ಆಮೇಲೆ ಮಸೀದಿಯ ಕಡೆ ಹೋದರು. ಅಷ್ಟೇ, ಅದರ ಮಾತು ಬೇಡ.

ಈಗ ಹೇಳು, ಇಂಥವನನ್ನು ಕರೆಯಬೇಕೇ? ಬಂದರೆ ಉಮ್ಮನ ಗೋರಿಯೂ ಡಚ್ಚರದ್ದು ಎಂದಾನು. ಧೂಪದ ಮುಂದೆ ನಾನೇ ಕೂರುತ್ತೇನೆ, ಲೆಬ್ಬೆಯೊಂದಿಗೆ ಮಾತಾಡಿಕೊಳ್ಳುತ್ತೇನೆ. ಅರವತ್ತಾರು ವರ್ಷದವಳನ್ನು ಏಳು ಎನ್ನುವ ಧೈರ್ಯ ಯಾರಿಗಿದೆ ನೋಡೋಣ. ನೀನು ಎರಡು ದಿನ ಮೊದಲೇ ಬಾ. ಬರುವಾಗ ನಿಮ್ಮ ಕಡೆಯ ಎಮ್ಮೆ ಮೊಸರು ತಾ, ಇಲ್ಲಿಯದು ಬರೀ ನೀರು. ಅಚಾರು ಉಪ್ಪಿನಕಾಯಿಗೆ ಸಣ್ಣೀರುಳ್ಳಿ ಸುಲಿಯಲು ಕುಸುಮಲತಾ ಒಪ್ಪಿದ್ದಾಳೆ.

ನಿನ್ನ ಮನೆಯ ಒಲೆ ಆರದಿರಲಿ, ನಿನ್ನ ಎದೆಯ ಕಫ ಕರಗಲಿ, ನಿನ್ನ ಮೊಮ್ಮಕ್ಕಳು ನಿನ್ನ ಕೈ ಹಿಡಿಯುವುದನ್ನು ಮರೆಯದಿರಲಿ.

ನಿನ್ನ ಅಕ್ಕ,
ಮಕೀನಾ

ಮರೆತದ್ದು: ಮರೆತದ್ದಲ್ಲ, ಬರೆಯಬಾರದು ಎಂದುಕೊಂಡದ್ದು. ಲಕೋಟೆ ಅಂಟಿಸಿ ಮತ್ತೆ ಬಿಚ್ಚಿದ್ದೇನೆ.

ಅವರು ಬಾಗಿಲಿಗೆ ಬಂದಾಗ ನಿನ್ನ ಪತ್ರ ನನ್ನ ಸೆರಗಿನಲ್ಲೇ ಇತ್ತು. ಎಲ್ಲ ಬುರುಡೆಯನ್ನೂ ಕೇಳಿದ ಮೇಲೂ, ಕಂದೂರಿಗೆ ಬಾ ಎಂದು ಕರೆಯೋಣವೆಂದೇ ಎದ್ದು ನಿಂತೆ. ಉಮ್ಮನನ್ನು ಮಣ್ಣು ಮಾಡಿದ ದಿನದ ನಂತರ ನಾನು ಅವನ ಮುಖ ನೋಡಿರಲಿಲ್ಲ. ತಮ್ಮ ಹೊಸಿಲಿಗೆ ಬಂದನೆಂದು ಕೈ ತಾನಾಗಿ ಮುಂದೆ ಹೋಯಿತು, ಜೆಹಾರಾ. ಪಿಟ್ಟಿನ ಹಿಟ್ಟನ್ನು ಸೆರಗಿಗೆ ಒರೆಸಿಕೊಂಡೇ ಚಾಚಿದೆ.

ಅವನು ಕೊಡೆಯನ್ನು ಬಲಗೈಯಿಂದ ಎಡಗೈಗೆ ಬದಲಿಸಿದ್ದರೆ ಸಾಕಿತ್ತು. ಬದಲಿಸಲಿಲ್ಲ. ನಾನೂ ಕೈ ಹಿಂದಕ್ಕೆ ತೆಗೆಯಲಿಲ್ಲ, ಈಗ ಹಿಡಿಯುತ್ತಾನೆ, ಈಗ ಹಿಡಿಯುತ್ತಾನೆ ಎಂದು ನಿಂತೇ ಇದ್ದೆ. ಅಷ್ಟರಲ್ಲಿ ನಿನ್ನ ಹೆಜ್ಜೆಗೆ ಕಣ್ಣೀರು ಹಾಕಿದ ಹೆಂಗಸು ಮುಂದೆ ಬಂದು ನನ್ನ ಅಂಗೈಯಲ್ಲಿ ನೂರರ ನೋಟು ಇಟ್ಟು ಬೆರಳು ಮಡಚಿದಳು. ಒಳ್ಳೆಯವಳೇ ಪಾಪ, ಅವಳ ಮೇಲೆ ನನಗೆ ಸಿಟ್ಟಿಲ್ಲ. ಇನ್ನಿಬ್ಬರು ಚೀಲ ತಡಕಿದರು.

ಆಗ ನಮ್ಮ ತಮ್ಮ ಬಾಯಿಬಿಟ್ಟ. "ಒಬ್ಬರು ಕೊಟ್ಟರೆ ಸಾಕು, ಎಲ್ಲರೂ ಕೊಡಬೇಡಿ. ಇವರಿಗೆ ಅಭ್ಯಾಸ ಆಗಿಬಿಡುತ್ತೆ" ಎಂದ. ಹೇಳುವಾಗ ನನ್ನ ಮುಖವನ್ನೇ ನೋಡುತ್ತಿದ್ದ. ಅವನ ಕಣ್ಣು ತುಂಬಿತ್ತೋ ಬಿಸಿಲಿಗೆ ಹಾಗೆ ಕಂಡಿತೋ, ಮೂರು ವಾರದಿಂದ ಯೋಚಿಸುತ್ತಿದ್ದೇನೆ, ಗೊತ್ತಾಗಲಿಲ್ಲ. ಅವತ್ತು ಸಂಜೆಯವರೆಗೆ ಕುಸುಮಲತಾ ಯಂತ್ರ ತುಳಿಯಲಿಲ್ಲ, ನನ್ನ ಕಡೆ ನೋಡಲೂ ಇಲ್ಲ.

ಒಂದು ತಟ್ಟೆ ಪಿಟ್ಟಿಗೂ ಸಾಲದ ಆ ನೋಟನ್ನು ಉಮ್ಮನ ಧೂಪದ ತಟ್ಟೆಯ ಕೆಳಗೆ ಇಟ್ಟಿದ್ದೇನೆ. ಮೇಲೆ ಬರೆದದ್ದನ್ನೆಲ್ಲ ಬಿಡು. ಮುಂದಿನ ಶುಕ್ರವಾರ ಕಂದೂರಿ ಎಂದು ನೀನೇ ಅವನಿಗೆ ತಿಳಿಸು. ನಾನು ಬಾಗಿಲಲ್ಲೇ ನಿಂತಿರುತ್ತೇನೆ, ಕೈ ಮತ್ತೆ ಚಾಚುತ್ತೇನೆ. ಕೊಡೆ ಮಾತ್ರ ತರಬೇಡ ಎಂದು ಹೇಳು.